ಗುರುಸಿದ್ದ ಕಂಡ ಬ್ರೇಕಿನ ಗುರುತುಗಳು

ಶಿವನು ಬುದ್ಧಿಯನ್ನು ಮೊರದಲ್ಲಿ ತುಂಬಿಕೊಂಡು ಮನೆಮನೆಗೂ ಹಂಚುತ್ತಾ ಬಂದನಂತೆ. ತೊರೆಕಟ್ಟೆಯ ದೇವೀರಮ್ಮನ ಬಾಗಿಲಿಗೆ ಬರುವ ಹೊತ್ತಿಗೆ ಮೊರದಲ್ಲಿ ಬುದ್ಧಿ ಮುಗಿದಿತ್ತು. ಹೇಳಿದ ಮಾತು ಕೇಳುವ ಗುಣ ಮಾತ್ರ ರಾಶಿ ಉಳಿದಿತ್ತು. "ಇದನ್ನೇ ಇಟ್ಟುಕೋ ತಾಯಿ" ಎಂದು ಅಷ್ಟನ್ನೂ ಅವಳ ಮಗನ ತಲೆಗೆ ಸುರಿದು, ಮೊರ ಕೊಡವಿಕೊಂಡು ಕೈಲಾಸಕ್ಕೆ ಹೊರಟುಹೋದ. ಆ ಮಗನೇ ಗುರುಸಿದ್ದ. ನೀವು ನಿಧಾನವಾಗಿ ಕೇಳಿ, ನಾನೂ ನಿಧಾನವಾಗಿ ಹೇಳುತ್ತೇನೆ.

ಗುರುಸಿದ್ದ ಕೆಟ್ಟವನಲ್ಲ, ಮೈಗಳ್ಳನೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. ಅದೇ ಅವನ ರೋಗ. "ಹಾಲು ಉಕ್ಕುತ್ತೆ, ನೋಡ್ತಾ ಇರ್ಲಾ" ಎಂದು ಹೇಳಿ ತಾಯಿ ಹಿತ್ತಲಿಗೆ ಹೋದರೆ, ಬರುವಷ್ಟರಲ್ಲಿ ಹಾಲೆಲ್ಲ ಒಲೆಯ ಪಾಲು.

"ನೋಡ್ತಾ ಇರು ಅಂದಿದ್ನಲ್ಲೋ!"

"ನೋಡಿದೆ ಕಣವ್ವ! ಚೆನ್ನಾಗಿ ಉಕ್ತು!"

ಇಂಥವನನ್ನು ಕಟ್ಟಿಕೊಂಡು ದೇವೀರಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಆದರೆ ಒಂದು ಮಾತು. ಕಾರು ಓಡಿಸುವುದರಲ್ಲಿ ಅವನು ಗಟ್ಟಿಗ. ಅವರಪ್ಪ ಬಾಡಿಗೆಗೆ ಓಡಿಸುತ್ತಿದ್ದ ಹಳೆಯ ಬಿಳಿ ಕಾರು ಮನೆಯಲ್ಲಿತ್ತು. ಅಪ್ಪ ಹೇಳಿಕೊಟ್ಟದ್ದನ್ನು ಕೂದಲೆಳೆಯಷ್ಟೂ ಆಚೆ ಈಚೆ ಮಾಡದೆ ಓಡಿಸುತ್ತಿದ್ದ. ಓಡಿಸುವುದನ್ನೇನೋ ಅಪ್ಪ ಕಲಿಸಿದ. ಕಾರು ಕೆಟ್ಟರೆ ತಿಳಿಯುವುದು ಹೇಗೆ ಎಂಬುದನ್ನು ಕಲಿಸುವ ಮುಂಚೆ ಶಿವನ ಪಾದ ಸೇರಿಬಿಟ್ಟ.

ದೇವೀರಮ್ಮನಿಗೆ ಒಬ್ಬ ಮಗಳೂ ಇದ್ದಳು, ಮಲ್ಲಾಜಿ ಅಂತ. ಘಾಟಿಯ ಮೇಲಿನ ಮೇಲುಗುಡ್ಡಕ್ಕೆ ಕೊಟ್ಟಿತ್ತು. ಅವಳೀಗ ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಲ್ಲಾಗಬೇಕು ಎಂಬುದು ನಮ್ಮ ಕಡೆಯ ಪದ್ಧತಿ ತಾನೆ? ದೇವೀರಮ್ಮ ಅಟ್ಟದ ಮೇಲಿದ್ದ ಮರದ ತೊಟ್ಟಿಲು ಇಳಿಸಿ, ಸೀಗೇಪುಡಿ ಹಾಕಿ ತಿಕ್ಕಿ ತೊಳೆದು, ಬಿಸಿಲಿಗೆ ಇಟ್ಟಿದ್ದಳು. ಎರಡು ಮಕ್ಕಳನ್ನೂ ಅದರಲ್ಲೇ ತೂಗಿದವಳು. ಮೊಮ್ಮಗುವನ್ನೂ ಅದರಲ್ಲೇ ತೂಗಬೇಕು, ಅದೊಂದೇ ಅವಳ ಆಸೆ. ದಿನಾ ದೀಪ ಹಚ್ಚುವಾಗ, "ಅಪ್ಪಾ ಕಣಿವೆ ಬಸವಣ್ಣ, ಈ ದಡ್ಡನ ಕೈಲಿ ಏನೂ ಎಡವಟ್ಟಾಗದ ಹಾಗೆ ನನ್ನ ಮಗಳನ್ನ ಮನೆ ಸೇರಿಸು" ಎಂದು ಬೇಡುತ್ತಿದ್ದಳು. ಬಸವಣ್ಣ ಕೇಳಿಸಿಕೊಳ್ಳುತ್ತಿದ್ದ. ಕಲ್ಲಾದ್ದರಿಂದ ನಗುತ್ತಿರಲಿಲ್ಲ.

ಒಂದು ದಿನ ಸಂತೆಯಿಂದ ಬರುವಾಗ ಕಾರು ನಿಲ್ಲಿಸಿದಾಗಲೆಲ್ಲ ಕಿರ್ರ್ ಎಂದಿತು. ಮತ್ತೆ ನಿಲ್ಲಿಸಿದರೆ ಮತ್ತೆ ಕಿರ್ರ್.

"ಇದೇನ್ಲಾ, ಕಾರು ಹಂದಿಮರಿ ಥರ ಕಿರುಗುಡ್ತದೆ?" ಎಂದಳು ತಾಯಿ. "ಕಿರುಗುಟ್ಟೋದಕ್ಕೆಲ್ಲ ಎಣ್ಣೆ ಬಿಡಬೇಕು ಕಣ್ಲಾ. ನಿಮ್ಮಜ್ಜ ಎತ್ತಿನ ಗಾಡಿಗೆ ಕೀಲೆಣ್ಣೆ ಬಳೀತಿರಲಿಲ್ವಾ?"

"ಹೌದಲ್ಲವ್ವ!"

ಸಂಜೆಗೆ ನಾಲ್ಕೂ ಚಕ್ರ ಬಿಚ್ಚಿದ. ಕಿರುಗುಟ್ಟುತ್ತಿದ್ದ ಜಾಗ ಹುಡುಕಿದ. ಬ್ರೇಕಿನ ಒಳಕ್ಕೆ ಧಾರಾಳವಾಗಿ ಹರಳೆಣ್ಣೆ ಬಳಿದ. ಮಾರನೆಯ ಬೆಳಿಗ್ಗೆ ಕಾರು ಹೊರಟಿತು. ಆಹಾ! ತುಪ್ಪ ನೆಕ್ಕಿದ ಬೆಕ್ಕಿನ ಹಾಗೆ ಒಂದು ಸದ್ದಿಲ್ಲ. ಊರು ಸುತ್ತಿ ಮನೆ ಮುಂದೆ ಬಂತು. ಗುರುಸಿದ್ದ ಬ್ರೇಕು ಒತ್ತಿದ. ಕಾರು ಹೋಯಿತು. ಇನ್ನೂ ಒತ್ತಿದ. ಇನ್ನೂ ಹೋಯಿತು. ಮನೆ ದಾಟಿತು, ತಿಪ್ಪೆ ಹಾರಿತು, ಪಕ್ಕದ ಮನೆಯವರ ಹುಲ್ಲಿನ ಮೆದೆಯೊಳಗೆ ಮೂತಿ ಹೂಳಿಕೊಂಡು ನಿಂತಿತು. ಮೆದೆಯ ಮೇಲಿದ್ದ ಕೋಳಿ ಕಾರಿನ ತಲೆಯ ಮೇಲೆ ಬಂದು ಕೂತಿತು.

"ಅಯ್ಯೋ ನನ್ನ ಕರ್ಮವೇ! ನಿಲ್ಲಿಸಬಾರದೇನ್ಲಾ?"

"ನಿಲ್ತದೆ ಅಂತಲೇ ಒತ್ತಿದ್ದು ಕಣವ್ವ!"

ಕಾರಿಗೆ ಎತ್ತು ಕಟ್ಟಿ, ಹುಣಸೇಮರದ ಕೆಳಗಿನ ಗ್ಯಾರೇಜಿಗೆ ಎಳೆಸಿದರು. ಗ್ಯಾರೇಜು ಜಬ್ಬಾರ್ ಸಾಬರದು. ಸಾಬರು ಚಕ್ರ ಬಿಚ್ಚಿ, ಮೂಸಿ ನೋಡಿ, ಕೂತಲ್ಲಿಂದ ಎದ್ದುಬಿಟ್ಟರು.

"ಹರಳೆಣ್ಣೆ! ಯಾ ಅಲ್ಲಾ! ಇಷ್ಟು ವರ್ಷದಲ್ಲಿ ಬ್ರೇಕಿಗೆ ತಲೆಗೆ ಹಚ್ಚೋ ಎಣ್ಣೆ ಹಚ್ಚಿದವನನ್ನ ಇವತ್ತು ನೋಡಿದೆ! ಲೋ ಸಿದ್ದಪ್ಪಾ, ಬ್ರೇಕು ಗಾಡಿ ಹಿಡಿಯೋದೇ ಉಜ್ಜಿ ಉಜ್ಜಿ. ಎಣ್ಣೆ ಬಳಿದರೆ ಏನು ಉಜ್ಜುತ್ತೆ? ಜಾರುತ್ತೆ!"

"ಕಿರುಗುಟ್ತಿತ್ತು ಸಾಬರೇ."

"ಕಿರುಗುಟ್ಟಿದರೆ ಒಳಗೆ ಉಜ್ಜೋ ಪಟ್ಟಿ, ಲೈನರು, ಸವೆದಿದೆ ಅಂತ! ಇನ್ನು ಮೇಲೆ ಕಿರ್ ಅಂದ ತಕ್ಷಣ ನಿಲ್ಲಿಸು. ಚಕ್ರ ಬಿಚ್ಚು. ನನ್ನ ಹತ್ತಿರ ತಾ. ತಿಳೀತಾ?"

"ತಿಳೀತು!"

ಸಾಬರು ಎಣ್ಣೆ ಒರೆಸಿ, ಹೊಸ ಲೈನರು ಹಾಕಿ ಕಳಿಸಿದರು.

ಎರಡು ದಿನ ಕಳೆಯಿತು. ಗುರುಸಿದ್ದ ಊರ ಬಾವಿಗೆ ನೀರಿಗೆ ಹೋದ. ಹೆಂಗಸರೆಲ್ಲ ಕೊಡ ಸಾಲಿಟ್ಟುಕೊಂಡು ನಿಂತಿದ್ದರು. ಬಾವಿಯ ರಾಟೆ ತಿರುಗಿತು. ಕಿರ್ರ್!

ಗುರುಸಿದ್ದನ ಕಿವಿ ನೆಟ್ಟಗಾಯಿತು.

"ನಿಲ್ಲಿಸಿ!" ಎಂದು ಕೂಗಿದ. "ಯಾರೂ ಸೇದಬೇಡಿ! ನಿಲ್ಲಿಸಿ!"

"ಯಾಕೋ ಸಿದ್ದಾ, ಹಾವು ಗೀವು ಇದೆಯೇನೋ?"

"ಲೈನರು ಸವೆದಿದೆ!"

ಬಾವಿಕಟ್ಟೆ ಹತ್ತಿದ. ರಾಟೆ ಬಿಚ್ಚಿದ. ಹಗ್ಗವೂ ಕೊಡವೂ ದುಡುಂ ಎಂದು ಬಾವಿಗೆ ಬಿದ್ದವು. ರಾಟೆಯನ್ನು ಹೆಗಲ ಮೇಲಿಟ್ಟುಕೊಂಡು ಗ್ಯಾರೇಜಿಗೆ ನಡೆದ. ಹಿಂದೆ ಹೆಂಗಸರು ಬೈಗುಳದ ಸುರಿಮಳೆ. "ನಿನ್ನ ತಲೆಗೆ ಹಾಕಿಸ್ಕೊಳ್ಳೋ ಲೈನರು!" ಎಂದಳು ಕೊಡ ಕಳೆದುಕೊಂಡವಳು.

ಸಾಬರು ರಾಟೆ ನೋಡಿದರು, ಗುರುಸಿದ್ದನನ್ನು ನೋಡಿದರು, ಆಕಾಶ ನೋಡಿದರು.

"ಸಿದ್ದಪ್ಪಾ, ಕಿರುಗುಟ್ಟೋದೆಲ್ಲ ಬ್ರೇಕಲ್ಲ ಕಣೋ! ಬರೀ ಕಿವಿ ನಂಬಬೇಡ. ಕಣ್ಣಿಂದ ನೋಡು. ಹೋಗ್ತಾ ಹೋಗ್ತಾ ಒಂದೇ ಕಡೆಗೆ ಎಳೀತದಾ, ಅದನ್ನ ನೋಡು. ಎಳೆದರೆ ಎರಡೂ ಕಡೆ ಸಮ ಹಿಡೀತಿಲ್ಲ ಅಂತ. ಆಗ ಹಿಂದೆ ಮುಂದೆ ಕಲ್ಲು ಕೊಟ್ಟು ನಿಲ್ಲಿಸು. ಎರಡೂ ಕಡೇದು ಬಿಚ್ಚು. ಹೋಲಿಸಿ ನೋಡು. ಸವೆದದ್ದು ಯಾವುದೋ ಅದನ್ನ ತಾ. ತಿಳೀತಾ?"

"ತಿಳೀತು!"

ಅದೇ ವಾರ ಮೇಲುಗುಡ್ಡದಿಂದ ಬೀಗರು ಬಂದರು. ಮಲ್ಲಾಜಿಯ ಮಾವ ಕಾಳನಂಜಪ್ಪನವರು. ಸೊಸೆಯನ್ನು ಕಳಿಸುವ ದಿನ ಗೊತ್ತುಮಾಡಲು ಪಂಚಾಂಗ ಹಿಡಿದುಕೊಂಡೇ ಬಂದಿದ್ದರು. ಹಿರಿಯರು, ಮುಂಗೋಪಿಗಳು, ಹೆಗಲ ಮೇಲೆ ಜರಿ ವಲ್ಲಿ. ಸೊಂಟದ ವಾಯುವಿನಿಂದ ನಡೆಯುವಾಗ ಎಡಕ್ಕೆ ವಾಲುತ್ತಿದ್ದರು. ಬಸ್ಸಿಳಿದು ಬೀದಿಯಲ್ಲಿ ಬರುತ್ತಿದ್ದವರನ್ನು ಗುರುಸಿದ್ದ ಜಗಲಿಯ ಮೇಲಿಂದ ನೋಡಿದ. ಒಂದು ಹೆಜ್ಜೆ ಎಡಕ್ಕೆ. ಇನ್ನೊಂದು ಹೆಜ್ಜೆ ಇನ್ನೂ ಎಡಕ್ಕೆ.

"ಎಳೀತದೆ!" ಎಂದು ಎದ್ದ.

"ಏನಯ್ಯಾ ಸಿದ್ದಾ, ಚೆನ್ನಾಗಿದ್ದೀಯಾ?" ಎಂದರು ಬೀಗರು.

"ಮಾವ, ಅಲ್ಲೇ ನಿಂತ್ಕೊಳ್ಳಿ! ಅಲುಗಾಡಬೇಡಿ!"

ಬೀಗರು ಬೆಚ್ಚಿ ನಿಂತರು. ಗುರುಸಿದ್ದ ಓಡಿಹೋಗಿ ಅವರ ಒಂದೊಂದು ಪಾದಕ್ಕೂ ಹಿಂದೊಂದು ಮುಂದೊಂದು ಕಲ್ಲು ಕೊಟ್ಟ. ಬಗ್ಗಿ ಎರಡೂ ಚಪ್ಪಲಿ ಎಳೆದುಕೊಂಡ. ಅಕ್ಕಪಕ್ಕ ಇಟ್ಟು ಹೋಲಿಸಿದ.

"ಎಡದ್ದು ಸವೆದಿದೆ ಮಾವ! ಹೆದರಬೇಡಿ, ಸಾಬರು ಹೊಸದು ಹಾಕ್ತಾರೆ!" ಎಂದವನೇ ಎಡದ ಚಪ್ಪಲಿ ಹಿಡಿದು ಗ್ಯಾರೇಜಿಗೆ ಓಡಿದ.

ಬೀಗರು ಒಂದು ಚಪ್ಪಲಿಯ ಮುಂದೆ, ಬಿಸಿ ಮಣ್ಣಿನಲ್ಲಿ, ನಾಲ್ಕು ಕಲ್ಲಿನ ನಡುವೆ ನಿಂತಿದ್ದರು. ಬೀದಿಯೆಲ್ಲ ಕಿಸಿಕಿಸಿ ನಗು. ದೇವೀರಮ್ಮ ಕಾಲು ತೊಳೆಯುವ ನೀರಿನ ಚೊಂಬು ಹಿಡಿದು ಓಡಿಬಂದಳು.

"ಬೀಗರೇ, ತಪ್ಪಾಯ್ತು, ದಡ್ಡ ಮುಂಡೇದು..."

"ದಡ್ಡನಾ? ಇಂಥವನ ಕಾರಲ್ಲಿ ನನ್ನ ಸೊಸೇನ ಘಾಟಿ ಇಳಿಸ್ತೀರಾ ಬೀಗಿತ್ತಿ?" ಕಾಳನಂಜಪ್ಪನವರ ಮೀಸೆ ಕುಣಿಯಿತು. "ಕೇಳಿ. ಬುಧವಾರ ದಿನ ಚೆನ್ನಾಗಿದೆ. ಮಧ್ಯಾಹ್ನ ರಾಹುಕಾಲ. ಅದು ಹುಟ್ಟೋ ಮೊದಲು ನನ್ನ ಸೊಸೆ ನಿಮ್ಮ ಹೊಸಿಲು ದಾಟಿರಬೇಕು. ನಾನೂ ಜೊತೇಲಿ ಬರ್ತೀನಿ. ಒಂದು ಗಳಿಗೆ ತಡವಾದರೂ ಅರ್ಧ ದಾರೀಲೇ ವಾಪಸು ಕರಕೊಂಡು ಹೋಗ್ತೀನಿ. ಬಾಣಂತನ ನಮ್ಮ ಮನೇಲೇ!"

ದೇವೀರಮ್ಮನ ಕಣ್ಣು ಒಳಮನೆಯ ತೊಟ್ಟಿಲ ಮೇಲೆ ಹೋಯಿತು.

ಅತ್ತ ಗ್ಯಾರೇಜಿನಲ್ಲಿ ಸಾಬರು ಚಪ್ಪಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಬೀಗರ ಚಪ್ಪಲಿ ತಂದ್ಯಾ! ಇನ್ನು ನಿನಗೆ ಕಿವಿಯೂ ಬೇಡ, ಕಣ್ಣೂ ಬೇಡ. ಕಾಲನ್ನ ಕೇಳು. ಕಾಲಿಟ್ಟರೆ ಗಟ್ಟಿ ಇರಬೇಕು. ಕಾಲು ಮೆತ್ತಗೆ ಇಳಿದುಹೋಯ್ತೋ, ಕೆಟ್ಟಿತು ಅಂತ ತಿಳಿ. ಮುಂದೆ ಹೋಗಬೇಡ. ಬಿಟ್ಟು ಬಿಟ್ಟು ತುಳಿ, ತುಳಿ, ತುಳಿ. ಆಗಲೂ ಗಟ್ಟಿಯಾಗಲಿಲ್ಲವಾ, ಬಗ್ಗಿ ಕೆಳಗೆ ನೋಡು. ತೊಟ್ಟಿಕ್ತಾ ಇದ್ದರೆ ಬ್ರೇಕ್ ಎಣ್ಣೆ ಸೋರಿಹೋಗಿದೆ. ಆಗ ಚಕ್ರಕ್ಕೆ ಕಲ್ಲು ಕೊಟ್ಟು ಕುಂತುಬಿಡು. ಯಾರು ಏನೇ ಅನ್ನಲಿ, ಘಾಟಿ ಮಾತ್ರ ಇಳೀಬೇಡ. ತಿಳೀತಾ?"

"ತಿಳೀತು!"

ಬುಧವಾರ ಬಂತು. ತಾಯಿ ಮಗ ಬೆಳಗಿನ ತಂಪಿನಲ್ಲೇ ಘಾಟಿ ಹತ್ತಿ ಮೇಲುಗುಡ್ಡ ಸೇರಿದರು. ಸೊಸೆ ತವರಿಗೆ ಹೊರಡುವ ದಿನವೆಂದು ಬೀಗಿತ್ತಿ, ಮಲ್ಲಾಜಿಯ ಅತ್ತೆ, ಜಗಲಿಗೆ ಕೆಮ್ಮಣ್ಣು ಮೆತ್ತಿಸಿ, ಅಂಚಿಗೆ ಸುಣ್ಣದ ಎಳೆ ಎಳೆಸಿದ್ದಳು. ಮಣ್ಣು ಇನ್ನೂ ಹಸಿ.

"ಬಾಪ್ಪ ಸಿದ್ದಾ, ಒಳಗೆ ಬಾ" ಎಂದಳು.

ಗುರುಸಿದ್ದ ಕಾಲಿಟ್ಟ. ಕಾಲು ಮೆತ್ತಗೆ ಇಳಿಯಿತು.

ಅವನ ಮುಖ ಬಿಳಿಚಿತು. ಮುಂದೆ ಹೋಗಲಿಲ್ಲ. ತುಳಿದ. ಬಿಟ್ಟ. ತುಳಿದ. ಬಿಟ್ಟ. ತುಳಿದ. ಪಚಕ್! ಪಚಕ್! ಪಚಕ್! ಕೆಮ್ಮಣ್ಣು ಗೋಡೆಗೆ ಹಾರಿತು, ಬಾಗಿಲ ತೋರಣಕ್ಕೆ ಹಾರಿತು, ಬೀಗಿತ್ತಿಯ ಹೊಸ ಇಳಕಲ್ ಸೀರೆಗೆ ಹಾರಿತು.

"ನಿಲ್ಸೋ! ನಿಲ್ಸೋ ಮಾರಾಯಾ!"

"ಇನ್ನೂ ಗಟ್ಟಿಯಾಗಿಲ್ಲ ಅತ್ತೆ! ಬ್ರೇಕು..."

ದೇವೀರಮ್ಮ ಅವನ ಕಿವಿ ಹಿಡಿದು ಕೆಳಗಿಳಿಸಿದಳು. ಅವಳಿಗೆ ಅಳುವೇ ಬಂದಿತ್ತು.

"ಕೇಳ್ಲಾ ಪಾಪಿ! ಇವತ್ತು ನಮ್ಮನೆ ಹೊಸಿಲು ದಾಟೋ ತನಕ ಬ್ರೇಕು ಅನ್ನೋ ಮಾತು ನಿನ್ನ ಬಾಯಲ್ಲಿ ಬರಕೂಡದು! ಬಂದ್ರೆ ನನ್ನಾಣೆ!"

"ಆಗಲಿ ಕಣವ್ವ" ಎಂದ ಗುರುಸಿದ್ದ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

ಮಡಿಲು ತುಂಬಿ, ಆರತಿ ಎತ್ತಿ, ಮಲ್ಲಾಜಿಯನ್ನು ಕಾರಿನಲ್ಲಿ ಕೂರಿಸಿದರು. ತಾಯಿ ಪಕ್ಕಕ್ಕೆ ಕೂತಳು. ಬೀಗರು ಮುಂದೆ ಕೂತು ಸೂರ್ಯನನ್ನೇ ನೋಡುತ್ತಿದ್ದರು. ಘಾಟಿ ಶುರುವಾಗುವ ಕಡೆ ಕಣಿವೆ ಬಸವಣ್ಣನ ಗುಡಿ. ಇಳಿಯುವ ಯಾವ ಗಾಡಿಯಾದರೂ ಅಲ್ಲಿ ನಿಂತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕೈಮುಗಿದೇ ಇಳಿಯಬೇಕು. ಗುರುಸಿದ್ದ ನಿಲ್ಲಿಸಲು ಬ್ರೇಕು ಒತ್ತಿದ. ಕಾಲು ಮೆತ್ತಗೆ ಇಳಿಯಿತು. ಬಿಟ್ಟು ಬಿಟ್ಟು ತುಳಿದ. ಕಾರು ಉರುಳುತ್ತಾ ಉರುಳುತ್ತಾ ಗುಡಿಯ ಮುಂದಿನ ಏರಿಗೆ ಬಂದು ತಾನಾಗಿಯೇ ನಿಂತಿತು. ಕೈಬ್ರೇಕು ಎಳೆದ. ನಿಂಬೆಹಣ್ಣು ಹಿಡಿದು ಇಳಿದು, ಚಕ್ರದ ಬಳಿ ಬಗ್ಗಿದ. ಚಕ್ರದ ಒಳಮಗ್ಗುಲಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ತಟ್. ತಟ್. ತಟ್.

ನಿಂಬೆಹಣ್ಣು ಜೇಬಿಗೆ ಹಾಕಿಕೊಂಡ. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟ. ಗುಡಿಯ ಮೆಟ್ಟಿಲ ಮೇಲೆ ಹೋಗಿ ಕುಂತುಬಿಟ್ಟ.

"ಯಾಕ್ಲಾ ಕುಂತೆ? ಹೊತ್ತಾಯ್ತು, ಏಳು!" ಎಂದಳು ತಾಯಿ.

ಗುರುಸಿದ್ದ ತಲೆಯಾಡಿಸಿದ.

"ಏನಾಯ್ತೋ? ಬಾಯಿಬಿಡೋ!"

"ಬಿಡಕೂಡದು ಅಂದ್ಯಲ್ಲವ್ವ."

"ಯಾವ ಮಾತೋ?"

"ಅದನ್ನ ಹೇಳಿದ್ರೆ ಹೇಳಿದ ಹಾಗಾಗುತ್ತೆ. ನಿನ್ನಾಣೆ ಐತೆ."

"ಅಣ್ಣಾ, ನನ್ನ ಕಿವೀಲಾದರೂ ಹೇಳೋ" ಎಂದಳು ಮಲ್ಲಾಜಿ, ಕಾರಿನ ಕಿಟಕಿಯಿಂದ.

"ಕಿವೀಲಿ ಹೇಳಿದ್ರೂ ಬಾಯಿಂದಲೇ ಬರಬೇಕಲ್ಲ ತಂಗಿ."

ಬೀಗರಿಗೆ ತಡೆಯಲಾಗಲಿಲ್ಲ. "ನೋಡಿದ್ರಾ ಬೀಗಿತ್ತಿ? ಸೂರ್ಯ ನೆತ್ತಿಗೆ ಬರ್ತಾ ಇದ್ದಾನೆ! ಇವನಿಗೆ ಹುಚ್ಚು! ನಾನೂ ಹಿಂದೆ ಟ್ರ್ಯಾಕ್ಟರು ಓಡಿಸಿದವನೇ. ನಾನೇ ಇಳಿಸ್ತೀನಿ, ಕೂತಿರಿ!" ಎಂದು ಡ್ರೈವರ್ ಜಾಗಕ್ಕೆ ಜರುಗಿ, ಕಾಲು ಚಾಚಿ ಬ್ರೇಕು ಒತ್ತಿದರು.

ಪೆಡಲು ನೆಲಕ್ಕೆ ಹೋಗಿ ಅಂಟಿಕೊಂಡಿತು. ಬಿಟ್ಟು ಮತ್ತೆ ಒತ್ತಿದರು. ಮತ್ತೆ ನೆಲಕ್ಕೆ.

ಬೀಗರು ತಲೆ ಎತ್ತಿದರು. ಗಾಜಿನ ಆಚೆ ಘಾಟಿ. ಒಂದು ತಿರುವು, ಅದರ ಕೆಳಗೆ ಇನ್ನೊಂದು ತಿರುವು, ಅದರ ಕೆಳಗೆ ಬಿದಿರ ಮೆಳೆ, ಅದರ ಕೆಳಗೆ ಏನೂ ಇಲ್ಲ. ಹಿಂದಿನ ಸೀಟಿನಲ್ಲಿ ತುಂಬಿದ ಬಸುರಿ, ಮಡಿಲಲ್ಲಿ ತೆಂಗಿನಕಾಯಿ ಹಿಡಿದುಕೊಂಡು. ಬೀಗರ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿಗೆ ಇಳಿಯಿತು. ನಿಧಾನವಾಗಿ ಬಾಗಿಲು ತೆಗೆದು ಇಳಿದರು. ಹಿಂದಿನ ಬಾಗಿಲು ತೆಗೆದು, "ಇಳಿಯಮ್ಮ, ಮೆಲ್ಲಗೆ ಇಳಿ" ಎಂದು ಸೊಸೆಯ ಕೈ ಹಿಡಿದರು.

"ಬ್ರೇಕೇ ಇಲ್ಲ ಬೀಗಿತ್ತಿ" ಎಂದರು. "ಇವನು ಕೂರದೇ ಹೋಗಿದ್ದರೆ..."

ಎಲ್ಲರೂ ಬಸವಣ್ಣನ ಕಡೆ ತಿರುಗಿ ಕೈಮುಗಿದರು. ಗುರುಸಿದ್ದ ಮಾತ್ರ ಇನ್ನೂ ಬಾಯಿ ಮುಚ್ಚಿಕೊಂಡಿದ್ದ.

ಸೂರ್ಯ ನೆತ್ತಿಗೆ ಬಂದೇಬಂದ. ದೇವೀರಮ್ಮ ನೆಲ ನೋಡುತ್ತಾ, "ರಾಹುಕಾಲ ಹುಟ್ಟಿತು ಬೀಗರೇ. ನೀವು ಹೇಳಿದ ಹಾಗೆ... ವಾಪಸು ಕರಕೊಂಡು ಹೋಗಿ" ಎಂದಳು. ಕಣ್ಣಲ್ಲಿ ನೀರು.

ಕಾಳನಂಜಪ್ಪನವರು ವಲ್ಲಿಯಿಂದ ಮೂಗಿನ ಮೇಲಿನ ವಿಭೂತಿ ಒರೆಸಿಕೊಂಡರು. "ಹೊಸಿಲು ದಾಟೋಕೆ ಮೊದಲು ಜೀವ ಇರಬೇಕಲ್ಲಮ್ಮ. ರಾಹು ಬರ್ತಾನೆ, ಹೋಗ್ತಾನೆ. ದೇವರ ಮುಂದೆ ಕೂತವರಿಗೆ ಅವನೇನು ಮಾಡ್ಯಾನು? ಇಲ್ಲೇ ಕಾಯೋಣ. ಆಮೇಲೆ ಪೂಜಾರಿಗಳ ಎತ್ತಿನ ಗಾಡಿ ಕಟ್ಟಿಸೋಣ. ನಾನೇ ಬಂದು ಬಿಟ್ಟುಹೋಗ್ತೀನಿ."

ಹಾಗೇ ಆಯಿತು. ಪೂಜಾರಿಗಳ ಮನೆಯ ಮಜ್ಜಿಗೆ ಕುಡಿದರು, ರಾಹುವನ್ನು ಕಳಿಸಿದರು. ಗಾಡಿ ಇಳಿಜಾರಿನಲ್ಲಿ ಓಡದ ಹಾಗೆ ಹಿಂದಕ್ಕೆ ಒಂದು ಭಾರಿ ಮರದ ದಿಮ್ಮಿ ಕಟ್ಟಿ ಎಳೆಯಬಿಟ್ಟರು. ಬಸುರಿ ಹುಲ್ಲಿನ ಮೆತ್ತೆಯ ಮೇಲೆ, ಬೀಗರು ಪಕ್ಕದಲ್ಲಿ ಎಡಕ್ಕೆ ವಾಲುತ್ತಾ ನಡಿಗೆಯಲ್ಲಿ. ಹೊತ್ತು ಮುಳುಗುವ ಮೊದಲು ಮಲ್ಲಾಜಿ ತವರಿನ ಹೊಸಿಲು ದಾಟಿದಳು.

ಹೊಸಿಲು ದಾಟಿದ್ದೇ ತಡ, "ಬ್ರೇಕು!" ಎಂದು ಕೂಗಿದ ಗುರುಸಿದ್ದ. "ಅವ್ವಾ! ಬ್ರೇಕು ಹೋಗಿತ್ತು ಕಣವ್ವ!"

ದೇವೀರಮ್ಮ ಜೀವಮಾನದಲ್ಲಿ ಮೊದಲ ಸಲ ಮಗನ ತಲೆ ಸವರಿದಳು. "ನಂದೇ ತಪ್ಪು ಕಣಪ್ಪ. ಇನ್ನು ಮೇಲೆ ಗುರುತು ಕಂಡರೆ ಯಾರನ್ನೂ ಕೇಳಬೇಡ. ಯಾರು ಬೈದರೂ ನಿಲ್ಲಬೇಡ. ನೇರ ಸಾಬರ ಹತ್ತಿರ ಹೋಗು."

"ತಿಳೀತು ಕಣವ್ವ!"

ನೋಡಿ, ಇಲ್ಲಿಗೇ ಕತೆ ಮುಗಿಸಿದ್ದರೆ ಗುರುಸಿದ್ದ ಜಾಣನಾಗಿ ಉಳಿಯುತ್ತಿದ್ದ. ಆದರೆ ಶಿವನ ದಯದಿಂದ ಮಲ್ಲಾಜಿಗೆ ಗುಂಡುಗುಂಡಾದ ಗಂಡುಮಗು ಹುಟ್ಟಿತು.

ತೊಟ್ಟಿಲು ಶಾಸ್ತ್ರವಾಗಿ ಕೆಲವು ದಿನ ಕಳೆದಿತ್ತು. ಮೊಮ್ಮಗನನ್ನು ನೋಡಲು ಬೀಗರೂ ಬಂದಿದ್ದರು. ಮಲ್ಲಾಜಿ ಮಲಗಿದ್ದಳು. "ತೊಟ್ಟಿಲು ತೂಗ್ತಾ ಇರು" ಎಂದು ಮಗನಿಗೆ ಹೇಳಿ ದೇವೀರಮ್ಮ ಬಚ್ಚಲ ಒಲೆಗೆ ಸೌದೆ ಒಡ್ಡಲು ಹೋದಳು.

ಗುರುಸಿದ್ದ ತೂಗಿದ. ಕಿರ್ರ್ ಎಂದಿತು.

ಕಿವಿ ನೆಟ್ಟಗಾಯಿತು. ಕಣ್ಣಿಟ್ಟು ನೋಡಿದ. ತೊಟ್ಟಿಲು ಎಡಕ್ಕೆ ವಾಲುತ್ತಿತ್ತು. ಹಾಸಿಗೆಯ ಮೇಲೆ ಕೈ ಒತ್ತಿದ. ಮೆತ್ತಗೆ ಇಳಿಯಿತು. ಬಗ್ಗಿ ಕೆಳಗೆ ನೋಡಿದ.

ತಟ್. ತಟ್. ತಟ್.

"ಎಲ್ಲಾ ಗುರುತೂ ಐತೆ!" ಎಂದ.

ಯಾರನ್ನೂ ಕೇಳಲಿಲ್ಲ. ತೊಟ್ಟಿಲನ್ನು ಕೊಂಡಿಯಿಂದ ಬಿಚ್ಚಿ, ಮಗು ಸಮೇತ ತಲೆಯ ಮೇಲಿಟ್ಟುಕೊಂಡು ನಡೆದೇಬಿಟ್ಟ. ಬಾವಿಯ ಬಳಿ ಹೆಂಗಸರು ಕೇಳಿದರು, "ಎಲ್ಲಿಗೋ ಸಿದ್ದಾ?" ನಿಲ್ಲಲಿಲ್ಲ. ಹಿಂದೆ ದೇವೀರಮ್ಮ, "ಅಯ್ಯೋ ಕೂಸು! ನಿಲ್ಲೋ ಕೇಡಿ!" ಎಂದು ಸೌದೆ ಹಿಡಿದು ಓಡಿದಳು. ನಿಲ್ಲಲಿಲ್ಲ. ಅವಳ ಹಿಂದೆ ಬೀಗರು, ಎಡಕ್ಕೆ ವಾಲುತ್ತಾ ವಾಲುತ್ತಾ, ಬಾಯಿಗೆ ಬಂದದ್ದು ಬೈಯುತ್ತಾ. ಆಗಲೂ ನಿಲ್ಲಲಿಲ್ಲ. ಗ್ಯಾರೇಜಿನಲ್ಲಿ ತೊಟ್ಟಿಲಿಳಿಸಿಯೇ ನಿಂತ.

"ಸಾಬರೇ! ಕಿರುಗುಡ್ತದೆ, ಎಡಕ್ಕೆ ಎಳೀತದೆ, ಒತ್ತಿದ್ರೆ ಇಳೀತದೆ, ಸೋರ್ತಾನೂ ಐತೆ!"

ಸಾಬರು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ತೊಟ್ಟಿಲೊಳಗೆ ಇಣುಕಿದರು. ಮಗು ಎದ್ದು, ಬೊಚ್ಚುಬಾಯಿ ಬಿಟ್ಟು ಪಾನಾಕ್ಕೆ ಕೈ ಚಾಚಿತು. ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗುರುತೆಲ್ಲಾ ಸರಿ ಸಿದ್ದಪ್ಪಾ! ಆದರೆ ಇದಕ್ಕೆ ಲೈನರು ಬೇಡ, ಎಣ್ಣೆನೂ ಬೇಡ. ಸೋರಿದರೆ ಒಂದು ಒಣಬಟ್ಟೆ ಕಟ್ಟು. ಅಷ್ಟೇ ಮದ್ದು. ತಿಳೀತಾ?"

"ತಿಳೀತು!"

ಮಾರನೆಯ ಬೆಳಿಗ್ಗೆ ದೇವೀರಮ್ಮ ಹಿತ್ತಲಿಗೆ ಹೋದಳು. ಮಗುವಿನ ಬಟ್ಟೆ ಒಣಹಾಕಿದ್ದ ಹಗ್ಗ ಖಾಲಿ. ಒಂದು ತುಂಡೂ ಇಲ್ಲ.

"ಯಾವ ಕಳ್ಳ ಬಂದಿದ್ನೋ!" ಎಂದು ಕೂಗುತ್ತಾ ಮುಂಬಾಗಿಲಿಗೆ ಬಂದಳು.

ಅಲ್ಲಿ ಘಾಟಿಯಿಂದ ಎಳೆಸಿ ತಂದ ಕಾರು ಇನ್ನೂ ರಿಪೇರಿಯಾಗದೆ ನಿಂತಿತ್ತು. ಒಂದೊಂದು ಚಕ್ರಕ್ಕೂ ಮೆತ್ತನೆಯ ಹಳೆ ಸೀರೆಯ ಲಂಗೋಟಿ ಬಿಗಿಯಾಗಿ ಕಟ್ಟಿತ್ತು. ಗುರುಸಿದ್ದ ಪಕ್ಕದಲ್ಲಿ ಕೂತು ಕಾರಿನ ಮೂತಿ ತಟ್ಟುತ್ತಾ ಜೋಗುಳ ಹಾಡುತ್ತಿದ್ದ.

"ಶ್ಶ್! ಕೂಗಬೇಡ ಕಣವ್ವ" ಎಂದ. "ರಾತ್ರಿಯೆಲ್ಲ ಸೋರ್ತಿತ್ತು. ಒಣಬಟ್ಟೆ ಕಟ್ಟಿದ್ದೀನಿ. ಈಗ ತಾನೆ ನಿದ್ದೆ ಹತ್ತಿದೆ."

ಕೂಸು ಒಳಗೆ ನಗುತ್ತಿತ್ತು, ಊರು ಹೊರಗೆ ನಗುತ್ತಿತ್ತು. ಕಣಿವೆ ಬಸವಣ್ಣನೂ ಅವತ್ತು ನಕ್ಕಿರಬೇಕು. ನನ್ನ ಚೀಲದ ಎಲೆಅಡಿಕೆ ತೀರಿತು, ಕತೆಯೂ ತೀರಿತು.